ಗಾಲಿ ನಿಂತರೂ ಗಾಡಿ ನಿಲ್ಲದು

ಕಾರಿನ ಕೀಲಿ ತಿರುಗಿಸಿದ ಕೂಡಲೇ ಸ್ಟೀರಿಂಗ್ ಚಕ್ರದ ಹಿಂದಿನ ಫಲಕದಲ್ಲಿ ಹತ್ತಾರು ದೀಪಗಳು ಒಟ್ಟಿಗೆ ಹೊತ್ತಿಕೊಂಡು ಎರಡು ಮೂರು ಸೆಕೆಂಡಿನಲ್ಲಿ ಒಂದೊಂದಾಗಿ ಆರಿಹೋಗುತ್ತವೆ. ಅವುಗಳಲ್ಲಿ ಒಂದು ಹಳದಿ ಬಣ್ಣದ್ದು. ವೃತ್ತದೊಳಗೆ ಎಬಿಎಸ್ ಎಂಬ ಮೂರು ಅಕ್ಷರ, ವೃತ್ತದ ಎರಡೂ ಬದಿಗೆ ಆವರಣ ಚಿಹ್ನೆಯಂಥ ಬಾಗಿದ ಗೆರೆ. ಈ ಒಂದು ದೀಪ ಆರದೆ ಉಳಿದುಬಿಟ್ಟರೆ ಏನಾಗುತ್ತದೆ? ಮೇಲ್ನೋಟಕ್ಕೆ ಏನೂ ಆಗುವುದಿಲ್ಲ. ಗಾಡಿ ಎಂದಿನಂತೆ ಓಡುತ್ತದೆ, ಬ್ರೇಕು ತುಳಿದರೆ ನಿಲ್ಲುತ್ತದೆ. ಹೀಗಾಗಿಯೇ ಈ ದೀಪವನ್ನು ತಿಂಗಳುಗಟ್ಟಲೆ ಉರಿಯಲು ಬಿಟ್ಟು ಓಡಾಡುವವರು ಬಹಳ. ‘ಅದು ಬರೀ ಸೆನ್ಸರ್ ಸಾರ್, ಏನೂ ಆಗಲ್ಲ, ಓಡಿಸಿ’ ಎಂದು ಸಮಾಧಾನ ಹೇಳುವ ಮೆಕ್ಯಾನಿಕ್ಕುಗಳಿಗೂ ಕೊರತೆಯಿಲ್ಲ.

ಆ ಮಾತು ಅರ್ಧ ನಿಜ. ಉಳಿದರ್ಧ ಏನೆಂದು ತಿಳಿಯಬೇಕಾದರೆ ಈ ದೀಪ ಅಲ್ಲಿಗೆ ಏಕೆ ಬಂತು, ಅದನ್ನು ಅಲ್ಲಿ ಕೂರಿಸುವುದಕ್ಕೆ ಎಂಜಿನಿಯರುಗಳಿಗೆ ಅರ್ಧ ಶತಮಾನ ಏಕೆ ಹಿಡಿಯಿತು ಎಂಬುದನ್ನು ನೋಡಬೇಕಾಗುತ್ತದೆ.

ಮೊದಲು ಗಾಲಿಯ ವಿಷಯ. ಬ್ರೇಕು ಗಾಡಿಯನ್ನು ನಿಲ್ಲಿಸುತ್ತದೆ ಎಂದು ನಾವು ಹೇಳುತ್ತೇವೆ. ವಾಸ್ತವವಾಗಿ ಬ್ರೇಕು ತಡೆಯುವುದು ಗಾಲಿಯನ್ನು ಮಾತ್ರ. ಗಾಡಿಯನ್ನು ನಿಲ್ಲಿಸುವುದು ರಸ್ತೆ. ಟಯರು ನೆಲವನ್ನು ಮುಟ್ಟುವ, ಅಂಗೈಯಷ್ಟಗಲದ ಜಾಗದಲ್ಲಿ ರಬ್ಬರಿಗೂ ಡಾಂಬರಿಗೂ ಇರುವ ಹಿಡಿತವೇ ಎಲ್ಲ. ಬ್ರೇಕು ಒತ್ತಿದಾಗ ಗಾಲಿಯ ತಿರುಗುವಿಕೆ ಗಾಡಿಯ ಓಟಕ್ಕಿಂತ ತುಸು ಹಿಂದೆ ಬೀಳುತ್ತದೆ. ಈ ಹಿಂದೆ ಬೀಳುವಿಕೆ ನೂರಕ್ಕೆ ಹತ್ತರಿಂದ ಮೂವತ್ತರ ನಡುವೆ ಇರುವಾಗ ಒಣ ರಸ್ತೆಯ ಮೇಲೆ ಹಿಡಿತ ಅತ್ಯಧಿಕವಾಗಿರುತ್ತದೆ. ಅದನ್ನು ಮೀರಿ ಒತ್ತಿದಿರೋ, ಗಾಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಪೂರ್ತಿ ಕಚ್ಚಿಕೊಂಡು ನಿಂತುಬಿಡುತ್ತದೆ. ಗಾಲಿ ನಿಂತಿತು, ಗಾಡಿ ಮಾತ್ರ ಜಾರುತ್ತ ಮುಂದೆ ಹೋಗುತ್ತದೆ.

ನಿಲ್ಲುವ ದೂರ ಹೆಚ್ಚುವುದು ಇದರ ಒಂದು ಕೇಡು. ಅದಕ್ಕಿಂತ ದೊಡ್ಡ ಕೇಡು ಇನ್ನೊಂದಿದೆ. ತಿರುಗದ ಗಾಲಿಗೆ ಪಕ್ಕದ ಹಿಡಿತವೂ ಉಳಿಯುವುದಿಲ್ಲ. ಮುಂದಿನ ಗಾಲಿಗಳು ಕಚ್ಚಿಕೊಂಡರೆ ಸ್ಟೀರಿಂಗನ್ನು ಎಷ್ಟು ತಿರುಗಿಸಿದರೂ ಕಾರು ತಾನು ಹೊರಟ ದಿಕ್ಕಿಗೇ ಹೋಗುತ್ತದೆ. ಹಿಂದಿನ ಗಾಲಿಗಳು ಮೊದಲು ಕಚ್ಚಿಕೊಂಡರಂತೂ ಗಾಡಿಯ ಬಾಲ ಮುಂದಕ್ಕೆ ಬಂದು ಗಿರಕಿ ಹೊಡೆಯುತ್ತದೆ. ಮಳೆಗಾಲದಲ್ಲಿ ಆಗುಂಬೆ, ಚಾರ್ಮಾಡಿಯಂಥ ಘಾಟಿಗಳಲ್ಲಿ ಬಸ್ಸು ಲಾರಿ ಓಡಿಸಿ ಪಳಗಿದ ಹಳೆಯ ಚಾಲಕರು ‘ಒಂದೇ ಸಮ ತುಳಿಯಬೇಡ, ತುಳಿದು ಬಿಡು, ತುಳಿದು ಬಿಡು’ ಎಂದು ಕಲಿಯುವವರಿಗೆ ಹೇಳುತ್ತಿದ್ದುದು ಇದೇ ಕಾರಣಕ್ಕೆ. ಕಚ್ಚಿಕೊಂಡ ಗಾಲಿಯನ್ನು ಬಿಡಿಸಿ ಮತ್ತೆ ಉರುಳಲು ಬಿಡುವ ಉಪಾಯ ಅದು. ಆದರೆ ಮನುಷ್ಯನ ಕಾಲು ಒಂದು ಸೆಕೆಂಡಿಗೆ ಎಷ್ಟು ಸಲ ತುಳಿದು ಬಿಟ್ಟೀತು? ಅದೂ ನಾಲ್ಕು ಗಾಲಿಗಳಿಗೂ ಒಂದೇ ಪೆಡಲು. ಎಡಗಾಲಿ ಕೆಸರಿನಲ್ಲೂ ಬಲಗಾಲಿ ಡಾಂಬರಿನಲ್ಲೂ ಇದ್ದರೆ ಎರಡಕ್ಕೂ ಬೇರೆ ಬೇರೆ ಬ್ರೇಕು ಹಾಕುವ ಕಾಲು ಯಾರಿಗೂ ಇಲ್ಲ.

ಈ ತೊಂದರೆಯನ್ನು ಮೊದಲು ಎದುರಿಸಿದವರಲ್ಲಿ ರೈಲ್ವೆಯವರು ಮುಖ್ಯರು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಕಚ್ಚಿಕೊಂಡು ಜಾರಿದರೆ ಗಾಲಿಯ ಒಂದು ಭಾಗ ಸವೆದು ಚಪ್ಪಟೆಯಾಗುತ್ತದೆ. ಆಮೇಲೆ ಆ ಬೋಗಿ ಹೋದಲ್ಲೆಲ್ಲ ಟಕ್ ಟಕ್ ಎಂದು ಬಡಿಯುತ್ತ ಹಳಿಯನ್ನೂ ಹಾಳು ಮಾಡುತ್ತದೆ. ನಮ್ಮ ರೈಲುಗಳಿಗೆ 2000ದ ಸುಮಾರಿನಿಂದ ಬಂದ ಎಲ್‌ಎಚ್‌ಬಿ ಬೋಗಿಗಳಲ್ಲಿ ಪ್ರತಿ ಅಚ್ಚಿನ ವೇಗವನ್ನೂ ಅಳೆದು, ಜಾರುವ ಅಚ್ಚಿನ ಬ್ರೇಕನ್ನು ಕ್ಷಣಕಾಲ ಸಡಿಲಿಸುವ ಏರ್ಪಾಡು ಇದೆ. ಕಾರಿನ ಎಬಿಎಸ್‌ಗೆ ಅದು ಅಣ್ಣನೋ ತಮ್ಮನೋ ಆಗಬೇಕು.

ಮೋಟಾರು ವಾಹನಗಳಿಗೂ ಇಂಥದೊಂದು ಬೇಕೆಂಬ ಯೋಚನೆ ಹಳೆಯದೇ. 1928ರಲ್ಲಿ ಜರ್ಮನಿಯ ಕಾರ್ಲ್ ವೆಸೆಲ್ ಎಂಬಾತ ಬ್ರೇಕಿನ ಬಲವನ್ನು ಹತೋಟಿಯಲ್ಲಿಡುವ ಸಾಧನಕ್ಕೆ ಪೇಟೆಂಟ್ ಪಡೆದ. 1936ರಲ್ಲಿ ಬಾಷ್ ಕಂಪನಿ ಗಾಲಿ ಕಚ್ಚಿಕೊಳ್ಳದಂತೆ ತಡೆಯುವ ಉಪಕರಣಕ್ಕೆ ಪೇಟೆಂಟ್ ಅರ್ಜಿ ಹಾಕಿತು. (ಬೆಂಗಳೂರಿನವರಿಗೆ ಈ ಕಂಪನಿ ಮೈಕೋ ಎಂಬ ಹೆಸರಿನಲ್ಲಿ ಪರಿಚಿತ. 1951ರಲ್ಲಿ ಹುಟ್ಟಿದ ಮೈಕೋ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಮೈಕೋ ಲೇಔಟ್ ಮಾತ್ರ ಹಾಗೆಯೇ ಉಳಿದಿದೆ.) ಕಾಗದದ ಮೇಲೆ ಇವೆಲ್ಲ ಚೆನ್ನಾಗಿದ್ದವು. ಗಾಲಿ ಕಚ್ಚಿಕೊಳ್ಳುತ್ತಿದೆ ಎಂದು ಅದು ಕಚ್ಚಿಕೊಳ್ಳುವ ಮುನ್ನವೇ ತಿಳಿದುಕೊಳ್ಳುವ ಚುರುಕು ಅಂದಿನ ಯಾವ ಯಂತ್ರಕ್ಕೂ ಇರಲಿಲ್ಲ, ಅಷ್ಟೆ.

ವಿಮಾನಗಳಿಗೆ ಇದರ ತುರ್ತು ಹೆಚ್ಚು. ನೆಲ ಮುಟ್ಟಿದ ವಿಮಾನದ ಗಾಲಿ ಕಚ್ಚಿಕೊಂಡರೆ ಪೈಲಟ್‌ಗೆ ಅದು ಗೊತ್ತೇ ಆಗುವುದಿಲ್ಲ. ಕೆಲವೇ ಕ್ಷಣದಲ್ಲಿ ಟಯರು ಉಜ್ಜಿ ಸಿಡಿಯುತ್ತದೆ. ಫ್ರಾನ್ಸಿನ ವಿಮಾನ ತಯಾರಕ ಗೇಬ್ರಿಯಲ್ ವಾಸಾಂ 1920ರ ದಶಕದಲ್ಲೇ ಇದಕ್ಕೊಂದು ಉಪಾಯ ಹುಡುಕಿದ್ದ. ಅದನ್ನು ನಿಜವಾಗಿ ಬಳಕೆಗೆ ತಂದದ್ದು 1950ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಡನ್‌ಲಪ್ ಕಂಪನಿ. ಅದರ ಹೆಸರು ಮ್ಯಾಕ್ಸರೆಟ್.

ಮ್ಯಾಕ್ಸರೆಟ್‌ನಲ್ಲಿ ವಿದ್ಯುತ್ತಿಲ್ಲ, ತಂತಿಯಿಲ್ಲ. ಗಾಲಿಯೊಡನೆ ತಿರುಗುವ ಒಂದು ಪುಟ್ಟ ಡಬ್ಬಿ, ಅದರೊಳಗೆ ಒಂದು ಭಾರದ ಚಕ್ರ. ಗಾಲಿ ಸಹಜವಾಗಿ ನಿಧಾನವಾಗುತ್ತಿದ್ದರೆ ಒಳಗಿನ ಚಕ್ರವೂ ಜೊತೆಜೊತೆಗೇ ನಿಧಾನವಾಗುತ್ತದೆ. ಗಾಲಿ ಥಟ್ಟನೆ ಕಚ್ಚಿಕೊಂಡರೆ ಭಾರದ ಚಕ್ರ ಮಾತ್ರ ತನ್ನ ರಭಸದಲ್ಲೇ ತಿರುಗುತ್ತ ಮುಂದೆ ಹೋಗುತ್ತದೆ. ಓಡುವ ಬಸ್ಸು ಗಕ್ಕನೆ ನಿಂತಾಗ ಒಳಗೆ ನಿಂತವರು ಮುಂದಕ್ಕೆ ಮುಗ್ಗರಿಸುತ್ತಾರಲ್ಲ, ಹಾಗೆ. ಆ ಮುಗ್ಗರಿಕೆಯೇ ಒಂದು ಕವಾಟವನ್ನು ತೆರೆದು ಬ್ರೇಕಿನ ಒತ್ತಡವನ್ನು ಇಳಿಸುತ್ತದೆ. ಗಾಲಿ ಮತ್ತೆ ಉರುಳತೊಡಗಿದರೆ ಕವಾಟ ಮುಚ್ಚಿಕೊಳ್ಳುತ್ತದೆ. ವಲ್ಕನ್ ಬಾಂಬರ್‌ಗಳಿಗೂ ವೈಕೌಂಟ್ ಪ್ರಯಾಣಿಕ ವಿಮಾನಗಳಿಗೂ ಇದನ್ನು ಅಳವಡಿಸಿದರು. ನಮ್ಮ ಇಂಡಿಯನ್ ಏರ್‌ಲೈನ್ಸ್ 1957ರಿಂದ ಹಾರಿಸಿದ್ದು ಇದೇ ವೈಕೌಂಟ್ ಮಾದರಿಯ ವಿಮಾನಗಳನ್ನು.

ವಿಮಾನಕ್ಕೆ ಒಗ್ಗಿದ್ದು ರಸ್ತೆಗೆ ಏಕೆ ಒಗ್ಗಬಾರದು? 1958ರಲ್ಲಿ ಬ್ರಿಟನ್ನಿನ ರಸ್ತೆ ಸಂಶೋಧನಾ ಪ್ರಯೋಗಾಲಯದವರು ಮ್ಯಾಕ್ಸರೆಟ್ಟನ್ನು ಒಂದು ಮೋಟಾರ್ ಸೈಕಲ್ಲಿಗೆ ಕಟ್ಟಿ ನೋಡಿದರು. ಆ ಸೈಕಲ್ಲು ರಾಯಲ್ ಎನ್‌ಫೀಲ್ಡ್ ಕಂಪನಿಯ ಸೂಪರ್ ಮೀಟಿಯರ್. ಫಲಿತಾಂಶ ಚೆನ್ನಾಗಿಯೇ ಬಂತು. ಒದ್ದೆ ರಸ್ತೆಯಲ್ಲಿ ಸವಾರ ಬೀಳದೆ ಬೇಗ ನಿಲ್ಲುತ್ತಿದ್ದ. ಆದರೂ ಅದು ಮಾರುಕಟ್ಟೆಗೆ ಬರಲಿಲ್ಲ. ಕಂಪನಿಯ ತಾಂತ್ರಿಕ ಮುಖ್ಯಸ್ಥರಿಗೆ ಅದರಲ್ಲಿ ಭವಿಷ್ಯ ಕಾಣಲಿಲ್ಲ. ಇಂಗ್ಲೆಂಡಿನ ಆ ಕಂಪನಿ ಮುಂದೆ ಮುಚ್ಚಿಹೋಯಿತು. 1955ರಲ್ಲಿ ಮದರಾಸಿನಲ್ಲಿ ಶುರುವಾದ ಅದರ ಕವಲು ಬದುಕಿಕೊಂಡಿತು. ಅಲ್ಲಿಯ ಬುಲೆಟ್ ವಂಶದ ಗಾಡಿಗಳಿಗೆ ಎಬಿಎಸ್ ಬಂದದ್ದು 2018-19ರಲ್ಲಿ, ಸರ್ಕಾರ ಕಡ್ಡಾಯ ಮಾಡಿದ ಹೊತ್ತಿಗೆ. ನಡುವೆ ಸರಿಯಾಗಿ ಅರವತ್ತು ವರ್ಷ!

ಕಾರಿಗೆ ಮ್ಯಾಕ್ಸರೆಟ್ ಹಾಕಿ ಮಾರಿದ ಮೊದಲಿಗರು ಇಂಗ್ಲೆಂಡಿನ ಜೆನ್ಸನ್ ಕಂಪನಿಯವರು, 1966ರಲ್ಲಿ. ಆ ಕಾರಿನ ಹೆಸರು ಜೆನ್ಸನ್ ಎಫ್‌ಎಫ್. ಎಫ್‌ಎಫ್ ಎಂದರೆ ಫರ್ಗ್ಯುಸನ್ ಫಾರ್ಮುಲಾ. ಹೊಲಗಳಲ್ಲಿ ಮ್ಯಾಸ್ಸಿ ಫರ್ಗ್ಯುಸನ್ ಟ್ರ್ಯಾಕ್ಟರ್ ಕಂಡವರಿಗೆ ಈ ಹೆಸರು ಹೊಸದಲ್ಲ. ಅದೇ ಹ್ಯಾರಿ ಫರ್ಗ್ಯುಸನ್ನನ ಬಳಗ ರೂಪಿಸಿದ, ನಾಲ್ಕು ಗಾಲಿಗೂ ಎಂಜಿನ್ನಿನ ಬಲ ಹಾಯಿಸುವ ಏರ್ಪಾಡು ಅದು. ಮುಂದಿನ ಮತ್ತು ಹಿಂದಿನ ಗಾಲಿಗಳು ಒಂದಕ್ಕೊಂದು ಕಟ್ಟಿಕೊಂಡಂತೆ ತಿರುಗುತ್ತಿದ್ದುದರಿಂದ ಒಂದೇ ಒಂದು ಮ್ಯಾಕ್ಸರೆಟ್ ಸಾಕಾಗುತ್ತಿತ್ತು. ಕಾರು ಒಳ್ಳೆಯದಿತ್ತು, ಬೆಲೆ ವಿಪರೀತವಿತ್ತು. 1971ರ ತನಕ ತಯಾರಾದದ್ದು ಬರೇ 320.

ಯಾಂತ್ರಿಕ ಉಪಾಯದ ಮಿತಿ ಅಲ್ಲಿಗೆ ಮುಗಿಯಿತು. ಮುಂದಿನ ಹಾದಿ ಎಲೆಕ್ಟ್ರಾನಿಕ್ಸ್‌ನದು. ಅಮೆರಿಕದಲ್ಲಿ ಫೋರ್ಡ್ ಕಂಪನಿ 1960ರ ದಶಕದ ಕೊನೆಗೆ ಹಿಂದಿನ ಎರಡು ಗಾಲಿಗಳಿಗೆ ಮಾತ್ರ ಇಂಥ ವ್ಯವಸ್ಥೆಯನ್ನು ಕೊಟ್ಟಿತು. 1971ರಲ್ಲಿ ಕ್ರೈಸ್ಲರ್ ತನ್ನ ಇಂಪೀರಿಯಲ್ ಕಾರಿನ ನಾಲ್ಕೂ ಗಾಲಿಗಳಿಗೆ ಕೊಟ್ಟಿತು. ಕೊಳ್ಳುವವರು ಕಡಿಮೆ ಇದ್ದರು. ಈ ತನಕದ ಕಥೆಯಲ್ಲಿ ಸೋತವರು ಹಣ ಕಳೆದುಕೊಂಡರಷ್ಟೇ. ನಿಜವಾದ ಪೆಟ್ಟು ಬಿದ್ದದ್ದು ಲಾರಿಗಳಲ್ಲಿ.

ಅಮೆರಿಕದ ಸಾರಿಗೆ ಸುರಕ್ಷತಾ ಇಲಾಖೆ ಏರ್‌ಬ್ರೇಕಿನ ಲಾರಿ, ಟ್ರೇಲರುಗಳಿಗೆ ಒಂದು ಹೊಸ ನಿಯಮ ಮಾಡಿತು. ಇಂತಿಷ್ಟು ದೂರದೊಳಗೆ, ಗಾಲಿ ಕಚ್ಚಿಕೊಳ್ಳದೆ, ತನ್ನ ಓಣಿ ಬಿಡದೆ ಲಾರಿ ನಿಲ್ಲಬೇಕು. ನಿಯಮದಲ್ಲಿ ಎಬಿಎಸ್ ಎಂಬ ಮಾತಿರಲಿಲ್ಲ. ಆದರೆ ಅದಿಲ್ಲದೆ ನಿಯಮ ಪಾಲಿಸುವುದು ಅಸಾಧ್ಯವಾಗಿತ್ತು. 1975ರಲ್ಲಿ ಇದು ಜಾರಿಗೆ ಬಂತು. ಉದ್ದೇಶ ಒಳ್ಳೆಯದೇ. ಉದ್ದನೆಯ ಟ್ರೇಲರ್ ಲಾರಿಯ ಗಾಲಿ ಕಚ್ಚಿಕೊಂಡರೆ ಅದು ಚಾಕುವಿನಂತೆ ನಡುವೆ ಮಡಚಿಕೊಂಡು ಇಡೀ ರಸ್ತೆಯನ್ನು ಬಾಚಿಬಿಡುತ್ತದೆ.

ಆದರೆ ಅಂದಿನ ಎಲೆಕ್ಟ್ರಾನಿಕ್ಸ್ ಲಾರಿಯ ಬದುಕಿಗೆ ತಯಾರಾಗಿರಲಿಲ್ಲ. ಲಾರಿಯ ಅಡಿಭಾಗವೆಂದರೆ ಧೂಳು, ಕೆಸರು, ಹಿಮ ಕರಗಿಸಲು ಚೆಲ್ಲಿದ ಉಪ್ಪಿನ ನೀರು, ದಿನವಿಡೀ ನಡುಕ. ಸೆನ್ಸರುಗಳು ಸುಳ್ಳು ಹೇಳತೊಡಗಿದವು. ಹತ್ತಿರದ ರೇಡಿಯೋ ಅಲೆಗಳಿಗೂ ಪೆಟ್ಟಿಗೆಗಳು ಬೆದರುತ್ತವೆ ಎಂಬ ದೂರು ಬಂತು. ಬೇಡದ ಹೊತ್ತಿನಲ್ಲಿ ಬ್ರೇಕು ಸಡಿಲವಾದರೆ ನಲವತ್ತು ಟನ್ ಲಾರಿಯ ಗತಿಯೇನು? ಎಷ್ಟೋ ಚಾಲಕರು, ಮಾಲೀಕರು ತಂತಿ ಕಿತ್ತು ಹಾಕಿ ನೆಮ್ಮದಿಯಾಗಿ ಓಡಿಸಿದರು. ಲಾರಿ ತಯಾರಕ ಪ್ಯಾಕಾರ್ ಕಂಪನಿ ಮತ್ತಿತರರು ನ್ಯಾಯಾಲಯಕ್ಕೆ ಹೋದರು. 1978ರಲ್ಲಿ ಅಲ್ಲಿಯ ಒಂಬತ್ತನೇ ವಲಯದ ಮೇಲ್ಮನವಿ ನ್ಯಾಯಾಲಯ, ಈ ಉಪಕರಣ ನಂಬಲರ್ಹ ಎಂಬುದು ಸಾಬೀತಾಗಿಲ್ಲವೆಂದು ನಿಯಮದ ಮುಖ್ಯ ಭಾಗವನ್ನೇ ತಳ್ಳಿಹಾಕಿತು. ಅಲ್ಲಿಂದ ಮುಂದೆ ಇಪ್ಪತ್ತು ವರ್ಷ ಅಮೆರಿಕದ ಲಾರಿಯವರು ಎಬಿಎಸ್ ಎಂದರೆ ಮೂಗು ಮುರಿದರು.

ಕಾಕತಾಳೀಯವೆಂದರೆ, ಅದೇ 1978ರಲ್ಲಿ ಜರ್ಮನಿಯಲ್ಲಿ ಇದಕ್ಕೆ ತದ್ವಿರುದ್ಧವಾದುದು ನಡೆಯಿತು.

ಹೈಡಲ್‌ಬರ್ಗ್ ನಗರದಲ್ಲಿ ಟೆಲ್ಡಿಕ್ಸ್ ಎಂಬ ಕಂಪನಿಯಿತ್ತು. ಅಲ್ಲಿ ಹೈನ್ಸ್ ಲೈಬರ್ ಮತ್ತು ಅವರ ಸಂಗಡಿಗರು 1960ರ ದಶಕದ ನಡುವಿನಿಂದ ಡೈಮ್ಲರ್-ಬೆಂಜ್ ಕಂಪನಿಯ ಜೊತೆಗೂಡಿ ಈ ಕೆಲಸಕ್ಕೆ ಕೈಹಾಕಿದ್ದರು. 1970ರ ಡಿಸೆಂಬರ್‌ನಲ್ಲಿ ಪತ್ರಕರ್ತರನ್ನು ಕರೆದು ಪ್ರದರ್ಶನವನ್ನೂ ನಡೆಸಿದರು. ಎಲ್ಲರೂ ಮೆಚ್ಚಿದರು. ಇನ್ನೇನು ಮಾರುಕಟ್ಟೆಗೆ ಬರಬೇಕು ಎನ್ನುವಾಗ ಎಂಜಿನಿಯರುಗಳೇ ಹಿಂದೆ ಸರಿದರು. ಅವರ ನಿಯಂತ್ರಕ ಪೆಟ್ಟಿಗೆಯಲ್ಲಿ ಸುಮಾರು ಒಂದು ಸಾವಿರ ಬಿಡಿಭಾಗಗಳಿದ್ದವು. ಸಾವಿರದಲ್ಲಿ ಒಂದು ಕೈಕೊಟ್ಟರೂ ಕೈಕೊಡುವುದು ಬ್ರೇಕು. ಮುಂದಿನ ಎಂಟು ವರ್ಷ ಅವರು ಮಾಡಿದ್ದು ಆ ಸಾವಿರವನ್ನು ಕಡಿಮೆ ಮಾಡುವ ಕೆಲಸವನ್ನು. ಈ ನಡುವೆ ಕೆಲಸ ಬಾಷ್ ಕಂಪನಿಯ ಕೈಗೆ ಬಂತು, ಡಿಜಿಟಲ್ ಚಿಪ್ಪುಗಳು ಬಂದವು, ಸಾವಿರ ಹೋಗಿ ನೂರ ನಲವತ್ತಾಯಿತು. 1978ರ ಆಗಸ್ಟ್‌ನಲ್ಲಿ ಮತ್ತೆ ಪತ್ರಕರ್ತರನ್ನು ಕರೆದರು. ಆ ವರ್ಷದ ಕೊನೆಗೆ ಮರ್ಸಿಡಿಸ್ ಎಸ್ ಶ್ರೇಣಿಯ ಕಾರುಗಳಲ್ಲಿ, ಎರಡು ಸಾವಿರ ಮಾರ್ಕಿಗೂ ಮೀರಿದ ಹೆಚ್ಚಿನ ಬೆಲೆಗೆ, ಬೇಕೆಂದವರಿಗೆ ಸಿಗತೊಡಗಿತು. ಬಿಎಂಡಬ್ಲ್ಯು ಬೆನ್ನಿಗೇ ಬಂತು. ಎಬಿಎಸ್ ಎಂಬ ಹೆಸರು ಇಂಗ್ಲಿಷಿನದೆಂದು ನಾವು ತಿಳಿದಿದ್ದೇವೆ. ಅದು ಜರ್ಮನ್ನಿನ ‘ಆಂಟಿಬ್ಲಾಕಿಯರ್‌ಸಿಸ್ಟೆಮ್’ ಎಂಬುದರ ಕಿರುರೂಪ. ಇಂಗ್ಲಿಷಿಗೂ ಅವೇ ಅಕ್ಷರಗಳು ಹೊಂದಿಕೊಂಡದ್ದು ಅದೃಷ್ಟ.

ಲಾರಿಯ ಸೋಲಿಗೂ ಕಾರಿನ ಗೆಲುವಿಗೂ ನಡುವಿನ ಅಂತರವನ್ನು ಬರೀ ಚಿಪ್ಪಿನ ಲೆಕ್ಕದಲ್ಲಿ ಹೇಳಿದರೆ ಸಾಲದು. ಹಳದಿ ದೀಪದ ಮಹತ್ವ ಇಲ್ಲಿದೆ. ಈ ಎಬಿಎಸ್ ಮೊದಲು ಅಳೆಯುವುದು ತನ್ನನ್ನು. ಕೀಲಿ ತಿರುಗಿಸಿದ ಕೂಡಲೇ ತನ್ನ ಸೆನ್ಸರುಗಳಲ್ಲಿ ವಿದ್ಯುತ್ತು ಹರಿಯುತ್ತಿದೆಯೇ, ಕವಾಟಗಳ ಸುರುಳಿ ಸರಿಯಿದೆಯೇ, ಬ್ಯಾಟರಿಯ ವೋಲ್ಟೇಜ್ ಸಾಕೇ ಎಂದು ನೋಡಿಕೊಳ್ಳುತ್ತದೆ. ಓಡುವಾಗಲೂ ನಾಲ್ಕು ಗಾಲಿಗಳ ಲೆಕ್ಕ ಒಂದಕ್ಕೊಂದು ತಾಳೆಯಾಗುತ್ತಿದೆಯೇ ಎಂದು ಬಿಡದೆ ಪರೀಕ್ಷಿಸುತ್ತದೆ. ಎಲ್ಲಾದರೂ ಅನುಮಾನ ಬಂದರೆ ಅದು ಜಾಣತನ ತೋರಿಸಲು ಹೋಗುವುದಿಲ್ಲ. ತಾನು ಬದಿಗೆ ಸರಿದು, ಹಳೆಯ ಕಾಲದ ಬ್ರೇಕನ್ನು ಚಾಲಕನ ಕಾಲಿಗೆ ಒಪ್ಪಿಸಿ, ದೀಪ ಹೊತ್ತಿಸುತ್ತದೆ. ಅನುಮಾನವಿದ್ದಾಗ ಕೆಲಸ ಮಾಡದಿರುವುದೇ ಅದರ ಕೆಲಸ. ಅಮೆರಿಕದಲ್ಲಿ 1990ರ ದಶಕದಲ್ಲಿ ಸುಮಾರು 200 ಲಾರಿಗಳನ್ನು ಮೊದಲು ಓಡಿಸಿ ನೋಡಿ, ಆಮೇಲೆ ಎಬಿಎಸ್‌ನ್ನು ಮತ್ತೆ ಕಡ್ಡಾಯ ಮಾಡಿದಾಗ (ಟ್ರ್ಯಾಕ್ಟರ್ ಲಾರಿಗಳಿಗೆ 1997, ಟ್ರೇಲರುಗಳಿಗೆ 1998) ನಿಯಮದಲ್ಲಿ ದೀಪದ ಮಾತೂ ಸೇರಿತು. ಚಾಲಕನ ಮುಂದೆ ಒಂದು ದೀಪ. ಟ್ರೇಲರಿನ ಎಡಬದಿಯಲ್ಲಿ ಹಿಂದುಗಡೆ, ರಸ್ತೆಯಲ್ಲಿ ತಪಾಸಣೆ ಮಾಡುವವರಿಗೂ ಕಾಣುವಂತೆ, ಇನ್ನೊಂದು.

ಎಬಿಎಸ್ ಬಂದಮೇಲೆ ಅಪಘಾತಗಳು ನಿಂತವೇ? ಇದಕ್ಕೆ ಉತ್ತರ ಸಲೀಸಲ್ಲ. 1980ರ ದಶಕದಲ್ಲಿ ಮ್ಯೂನಿಕ್ ನಗರದ ಟ್ಯಾಕ್ಸಿಗಳಲ್ಲಿ ಒಂದು ಪ್ರಯೋಗ ನಡೆಯಿತು. ಒಂದೇ ಕಂಪನಿಯ ಒಂದೇ ಬಗೆಯ ಕಾರುಗಳು. ಕೆಲವಕ್ಕೆ ಎಬಿಎಸ್ ಉಂಟು, ಕೆಲವಕ್ಕೆ ಇಲ್ಲ. ಸುಮಾರು ಮೂರು ವರ್ಷ ಲೆಕ್ಕ ಇಟ್ಟರು. ಎರಡು ಗುಂಪಿನ ಅಪಘಾತಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಪ್ರಯಾಣಿಕರಂತೆ ಹತ್ತಿ ಕುಳಿತು ಗುಟ್ಟಾಗಿ ಗಮನಿಸಿದವರಿಗೆ ಕಂಡದ್ದೇನೆಂದರೆ, ಎಬಿಎಸ್ ಇದ್ದವರು ತಿರುವುಗಳಲ್ಲಿ ಹೆಚ್ಚು ಬಿರುಸು, ಮುಂದಿನ ಗಾಡಿಗೆ ಹೆಚ್ಚು ಹತ್ತಿರ. ಉಳಿದ ಸುರಕ್ಷತೆಯನ್ನು ಅವರು ವೇಗದಲ್ಲಿ ಖರ್ಚು ಮಾಡಿಕೊಂಡಿದ್ದರು. ಕೆನಡಾದ ಮನಶ್ಶಾಸ್ತ್ರಜ್ಞ ಜೆರಾಲ್ಡ್ ವೈಲ್ಡ್ ಈ ಪ್ರಯೋಗವನ್ನು ಮುಂದಿಟ್ಟುಕೊಂಡು, ಮನುಷ್ಯ ತನಗೆ ಒಗ್ಗುವಷ್ಟು ಅಪಾಯವನ್ನು ಹೇಗಾದರೂ ತುಂಬಿಕೊಳ್ಳುತ್ತಾನೆ ಎಂದು ವಾದಿಸಿದರು. ಎಲ್ಲರೂ ಒಪ್ಪಿದ ವಾದವಲ್ಲ ಅದು. ನಮ್ಮ ನಗರಗಳ ಟ್ಯಾಕ್ಸಿ ಹತ್ತಿದವರು ಸುಲಭವಾಗಿ ತಳ್ಳಿಹಾಕುವ ವಾದವೂ ಅಲ್ಲ.

ಎಬಿಎಸ್‌ಗೆ ತನ್ನದೇ ಮಿತಿಗಳೂ ಇವೆ. ಸಡಿಲ ಜಲ್ಲಿ, ಮರಳಿನ ರಸ್ತೆಯಲ್ಲಿ ಕಚ್ಚಿಕೊಂಡ ಗಾಲಿ ತನ್ನ ಮುಂದೆ ಜಲ್ಲಿಯ ರಾಶಿ ಒಟ್ಟಿಕೊಂಡು ಬೇಗ ನಿಲ್ಲುತ್ತದೆ. ಎಬಿಎಸ್ ಇರುವ ಗಾಡಿ ಅಲ್ಲಿ ಇನ್ನಷ್ಟು ದೂರ ಹೋಗುತ್ತದೆ. ಅದು ಕೆಲಸ ಮಾಡುವಾಗ ಪೆಡಲು ಪಾದದಡಿ ಗಡಗಡ ನಡುಗುತ್ತದೆ. ಇದನ್ನು ತಿಳಿಯದೆ, ಏನೋ ಮುರಿಯಿತೆಂದು ಕಾಲು ತೆಗೆದುಬಿಟ್ಟವರುಂಟು. ಹಳೆಯ ಚಾಲಕರು ಕಲಿಸಿದ ‘ತುಳಿದು ಬಿಡು’ ಪಾಠ ಇಲ್ಲಿ ತಿರುವುಮುರುವು. ಎಬಿಎಸ್ ಇರುವ ಗಾಡಿಯಲ್ಲಿ ಒಂದೇ ಸಮ ಬಲವಾಗಿ ತುಳಿದು ಸ್ಟೀರಿಂಗ್ ಕಡೆ ಗಮನ ಕೊಡಬೇಕು. ಆದರೆ ಹಳದಿ ದೀಪ ಉರಿಯುತ್ತಿರುವ ಗಾಡಿಯಲ್ಲಿ? ಅಲ್ಲಿ ಮತ್ತೆ ಹಳೆಯ ಪಾಠವೇ ಸರಿ. ಎಬಿಎಸ್ ಇಲ್ಲದ ಗಾಡಿಯನ್ನು ಎಂದೂ ಓಡಿಸದವರ ಪೀಳಿಗೆಯೊಂದು ಬಂದಿದೆ. ಅವರಿಗೆ ಆ ಪಾಠ ಯಾರೂ ಕಲಿಸಿಲ್ಲ. ‘ಏನೂ ಆಗಲ್ಲ, ಓಡಿಸಿ’ ಎಂಬ ಮಾತಿನ ಉಳಿದರ್ಧ ಇದು.

ನಮ್ಮಲ್ಲಿ ಟಿವಿಎಸ್ ಕಂಪನಿ 2011ರಲ್ಲಿ ತನ್ನ ಅಪಾಚೆ ಮೋಟಾರ್ ಸೈಕಲ್ಲಿಗೆ ಎಬಿಎಸ್ ಹಾಕಿ ಮಾರಿತು. ಭಾರಿ ಲಾರಿ, ಬಸ್ಸುಗಳಿಗೆ 2015ರಲ್ಲಿ ಕಡ್ಡಾಯವಾಯಿತು. ಕಾರುಗಳಿಗೂ 125 ಸಿಸಿ ಮೀರಿದ ದ್ವಿಚಕ್ರಗಳಿಗೂ ಹೊಸ ಮಾದರಿಗಳಾದರೆ 2018ರ ಏಪ್ರಿಲ್‌ನಿಂದ, ಹಳೆಯ ಮಾದರಿಗಳಾದರೆ 2019ರ ಏಪ್ರಿಲ್‌ನಿಂದ. ಹಾಗಾಗಿ ಈ ದೀಪ ಈಗ ಎಲ್ಲರ ಮನೆಯ ದೀಪ. ಅದು ಹೊತ್ತಿಕೊಂಡಾಗ ಏನು ಮಾಡಬೇಕೆಂಬುದೂ ಎಲ್ಲರಿಗೂ ಬೇಕಾದ ವಿಷಯ.

ಮೊದಲು ನೋಡಬೇಕಾದದ್ದು ಹಳದಿ ಒಂದೇ ಉರಿಯುತ್ತಿದೆಯೇ, ಜೊತೆಗೆ ಬ್ರೇಕಿನ ಕೆಂಪು ದೀಪವೂ ಇದೆಯೇ ಎಂದು. ಕೆಂಪು ದೀಪ ಕೈಬ್ರೇಕು ಎಳೆದಿದ್ದರೂ ಬರುತ್ತದೆ, ಬ್ರೇಕ್ ಆಯಿಲ್ ಇಳಿದಿದ್ದರೂ ಬರುತ್ತದೆ. ಎರಡೂ ಸೇರಿ ಉರಿದರೆ ಮುಂದೆ ಓಡಿಸಬಾರದು. ಈಚಿನ ಕಾರುಗಳಲ್ಲಿ ಹಿಂದಿನ ಗಾಲಿಗೆ ಎಷ್ಟು ಬ್ರೇಕು ಹೋಗಬೇಕೆಂದು ತೀರ್ಮಾನಿಸುವುದೂ ಎಬಿಎಸ್ ಪೆಟ್ಟಿಗೆಯೇ. ಅದು ಪೂರ್ತಿ ಮಲಗಿದರೆ ಹಿಂದಿನ ಗಾಲಿ ಮೊದಲು ಕಚ್ಚಿಕೊಂಡು ಗಾಡಿ ಗಿರಕಿ ಹೊಡೆಯಬಹುದು.

ಹಳದಿ ಒಂದೇ ಆದರೆ ಗ್ಯಾರೇಜಿನ ತನಕ ನಿಧಾನವಾಗಿ ಹೋಗಬಹುದು. ಅಲ್ಲಿ ಸಾಮಾನ್ಯವಾಗಿ ಎರಡು ತಪ್ಪುಗಳಾಗುತ್ತವೆ. ಅಗ್ಗದ ಸ್ಕ್ಯಾನರ್ ಚುಚ್ಚಿ ‘ಏನೂ ಕೋಡ್ ಇಲ್ಲ’ ಎನ್ನುವುದು ಒಂದು. ಗಾಡಿಯ ದೋಷಗಳಿಗೆ ಏಕರೂಪದ ಸಂಕೇತ ಇರಬೇಕೆಂಬ ನಿಯಮ ಅಮೆರಿಕದಲ್ಲಿ 1996ರಿಂದ ಎಲ್ಲ ಕಾರುಗಳಿಗೆ ಬಂತು. ಆದರೆ ಅದು ಹೊಗೆಗೆ ಸಂಬಂಧಿಸಿದ ಎಂಜಿನ್ ದೋಷಗಳ ಮಟ್ಟಿಗೆ. ಬ್ರೇಕಿನ ಕೋಡುಗಳನ್ನು ಓದಲು ಆಯಾ ಕಂಪನಿಯ ಭಾಷೆ ಬಲ್ಲ ಸ್ಕ್ಯಾನರ್ ಬೇಕು. ಎರಡನೇ ತಪ್ಪು ಇನ್ನೂ ದುಬಾರಿಯದು. ‘ಮುಂದಿನ ಎಡ ಸೆನ್ಸರ್’ ಎಂದು ಕೋಡ್ ಬಂದ ಕೂಡಲೇ ಸೆನ್ಸರ್ ಬದಲಿಸಿಬಿಡುವುದು. ಕೋಡ್ ಹೇಳುವುದು ಆ ಗಾಲಿಯಿಂದ ಬರಬೇಕಾದ ಸುದ್ದಿ ಸರಿಯಾಗಿ ಬರುತ್ತಿಲ್ಲ ಎಂದಷ್ಟೇ. ಅಂಚೆ ಬರಲಿಲ್ಲವೆಂದರೆ ಬರೆದವನದೇ ತಪ್ಪೆಂದು ಹೇಳಲಾದೀತೇ?

ಸುದ್ದಿ ಬರುವ ದಾರಿ ಹೀಗಿದೆ. ಗಾಲಿಯೊಡನೆ ತಿರುಗುವ ಒಂದು ಹಲ್ಲಿನ ಬಳೆ. ಅದರ ಎದುರು, ಕೂದಲೆಳೆಯಷ್ಟು ಅಂತರದಲ್ಲಿ, ಅಯಸ್ಕಾಂತಕ್ಕೆ ತಂತಿ ಸುತ್ತಿದ ಸೆನ್ಸರ್. ಹಲ್ಲು ಹಾದುಹೋದಾಗಲೆಲ್ಲ ತಂತಿಯಲ್ಲಿ ಒಂದು ವಿದ್ಯುತ್ ಅಲೆ ಏಳುತ್ತದೆ. ಅಲೆಗಳನ್ನು ಎಣಿಸಿದರೆ ವೇಗ ಸಿಕ್ಕಿತು. ಅಲ್ಲಿಂದ ವೈರು, ಕನೆಕ್ಟರ್, ಕೊನೆಗೆ ಪೆಟ್ಟಿಗೆ. ಈ ದಾರಿಯಲ್ಲಿ ಎಲ್ಲಿ ಬೇಕಾದರೂ ಕಲ್ಲು ಬಿದ್ದಿರಬಹುದು. ಸ್ಟೀರಿಂಗ್ ತಿರುಗಿದಾಗಲೆಲ್ಲ ಬಾಗುವ ಜಾಗದಲ್ಲಿ ವೈರು ಹೊರಗೆ ಚೆನ್ನಾಗಿ ಕಂಡು ಒಳಗೆ ತುಂಡಾಗಿರುವುದು ಸಾಮಾನ್ಯ. ಮಳೆಗಾಲದ ನೀರು ಕನೆಕ್ಟರಿನಲ್ಲಿ ಹಸಿರು ಕಿಲುಬು ತರಿಸಿರಬಹುದು. ಬ್ರೇಕಿನ ಕಬ್ಬಿಣದ ಪುಡಿ ಅಯಸ್ಕಾಂತಕ್ಕೆ ಅಂಟಿ ಗಡ್ಡ ಬೆಳೆಸಿರಬಹುದು. ಬೇರಿಂಗ್ ಸವೆದು ಗಾಲಿ ಅಲ್ಲಾಡುತ್ತಿದ್ದರೆ ಅಂತರ ಕೆಡುತ್ತದೆ. ಇನ್ನು, ವಾರಗಟ್ಟಲೆ ನಿಲ್ಲಿಸಿದ ಕಾರಿನಲ್ಲಿ ಇಲಿಯ ಕೈವಾಡವನ್ನು ಮರೆಯುವಂತಿಲ್ಲ. ಜರ್ಮನ್ ಎಂಜಿನಿಯರುಗಳ ಎಂಟು ವರ್ಷದ ಶ್ರಮವನ್ನು ಅದು ಒಂದು ರಾತ್ರಿಯಲ್ಲಿ ತುಂಡರಿಸುತ್ತದೆ.

ಬಲ್ಲ ಮೆಕ್ಯಾನಿಕ್ ಮೊದಲು ಕಣ್ಣಿನಿಂದ ನೋಡುತ್ತಾನೆ. ಗಾಲಿ ಎತ್ತಿ, ಕೈಯಿಂದ ತಿರುಗಿಸಿ, ಅಲ್ಲಾಡಿಸಿ ನೋಡುತ್ತಾನೆ. ಮಲ್ಟಿಮೀಟರ್ ಹಿಡಿದು ಎಡಗಾಲಿಯ ಸೆನ್ಸರಿನ ತಡೆಯನ್ನು ಬಲಗಾಲಿಯದಕ್ಕೆ ಹೋಲಿಸುತ್ತಾನೆ. ಹಳೆಯ ಮಾದರಿಯ ಸೆನ್ಸರುಗಳಲ್ಲಿ ಅದು ಸಾಮಾನ್ಯವಾಗಿ ಒಂದೆರಡು ಸಾವಿರ ಓಮ್ ಸುಮಾರಿಗೆ ಇರುತ್ತದೆ, ಎರಡೂ ಬದಿ ಹತ್ತಿರ ಹತ್ತಿರ ಇರಬೇಕು. ಹೊಸ ಮಾದರಿಯವಕ್ಕೆ ಈ ಪರೀಕ್ಷೆ ನಡೆಯದು. ಅವುಗಳ ಒಳಗೇ ಚಿಪ್ಪು ಇದೆ. ಅಲ್ಲಿ ಸ್ಕ್ಯಾನರಿನಲ್ಲಿ ನಾಲ್ಕೂ ಗಾಲಿಗಳ ವೇಗವನ್ನು ಒಟ್ಟಿಗೆ ತೆರೆದಿಟ್ಟುಕೊಂಡು ನಿಧಾನವಾಗಿ ಒಂದು ಸುತ್ತು ಓಡಿಸುವುದೇ ಒಳ್ಳೆಯದು. ಮೂರು ಗಾಲಿ ಇಪ್ಪತ್ತು ಕಿಲೋಮೀಟರ್ ಎನ್ನುವಾಗ ನಾಲ್ಕನೆಯದು ಆಗಾಗ ಸೊನ್ನೆಗೆ ಬೀಳುತ್ತಿದ್ದರೆ ಕಳ್ಳ ಸಿಕ್ಕಿದಂತೆ. ಕೆಲವು ಕಾರುಗಳಲ್ಲಿ ಹಲ್ಲಿನ ಬಳೆಯ ಬದಲು ಬೇರಿಂಗಿನ ಒಂದು ಮುಖದಲ್ಲೇ ಅಯಸ್ಕಾಂತದ ಪಟ್ಟಿ ಇರುತ್ತದೆ, ಕಣ್ಣಿಗೆ ಅದು ಬರಿಯ ಕಪ್ಪು ರಬ್ಬರು. ಹೊಸ ಬೇರಿಂಗನ್ನು ಹಿಂದುಮುಂದಾಗಿ ಒತ್ತಿ ಕೂರಿಸಿದರೆ ಗಾಲಿ ಚೆನ್ನಾಗಿ ತಿರುಗುತ್ತದೆ, ದೀಪ ಮಾತ್ರ ಆರುವುದಿಲ್ಲ. ಬೇರಿಂಗ್ ಬದಲಿಸಿದ ಮಾರನೆಯ ದಿನವೇ ದೀಪ ಬಂದಿದ್ದರೆ ಮೊದಲ ಅನುಮಾನ ಅಲ್ಲಿಗೇ ಹೋಗಬೇಕು.

ದೀಪ ಉರಿಯದೆಯೂ ದೋಷ ಇರಬಹುದೆಂಬುದು ಹಲವರಿಗೆ ತಿಳಿಯದು. ಸಿಗ್ನಲ್ ಬಳಿ ಕಾರು ಇನ್ನೇನು ನಿಲ್ಲಬೇಕು, ವೇಗ ಹತ್ತು ಕಿಲೋಮೀಟರಿಗಿಂತ ಕಡಿಮೆ, ರಸ್ತೆ ಒಣಗಿದೆ. ಆಗ ಪೆಡಲು ಗರಗರ ಎಂದು ನಡುಗಿ ಕಾರು ಒಂದು ಮಾರು ಮುಂದೆ ಹೋಗುತ್ತದೆ. ಹಳೆಯ ಮಾದರಿಯ ಸೆನ್ಸರಿನಲ್ಲಿ ಗಾಲಿ ನಿಧಾನವಾದಷ್ಟೂ ಅಲೆ ಕುಗ್ಗುತ್ತದೆ. ತುಕ್ಕು ಉಬ್ಬಿ ಸೆನ್ಸರ್ ತುಸು ಮೇಲೆದ್ದಿದ್ದರೆ ಅಥವಾ ಬಳೆ ಬಿರುಕು ಬಿಟ್ಟಿದ್ದರೆ, ಆ ಒಂದು ಗಾಲಿ ಉಳಿದವಕ್ಕಿಂತ ಮೊದಲೇ ನಿಂತಂತೆ ಪೆಟ್ಟಿಗೆಗೆ ಕಾಣುತ್ತದೆ. ಕಚ್ಚಿಕೊಂಡಿತೆಂದು ತಿಳಿದು ಅದು ಬ್ರೇಕು ಸಡಿಲಿಸುತ್ತದೆ. ಅಮೆರಿಕದ ಲಾರಿಯವರು 1975ರಲ್ಲಿ ಹೆದರಿದ್ದು ಇಂಥದಕ್ಕೇ. ಸೆನ್ಸರ್ ಕುಳಿತ ಜಾಗದ ತುಕ್ಕು ಕೆರೆದು ತೆಗೆದರೆ ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ. ಖರ್ಚು ಏನೂ ಇಲ್ಲವೆಂದೇ ಹೇಳಬೇಕು.

ಪಂಪು ಕವಾಟಗಳಿರುವ ಪೆಟ್ಟಿಗೆಯೇ ಕೆಟ್ಟಿದ್ದರೆ ಮಾತ್ರ ಖರ್ಚಿನ ಬಾಬತ್ತು. ಅದಕ್ಕೂ ಮುನ್ನ ಫ್ಯೂಸು, ಬ್ಯಾಟರಿ, ಭೂಸಂಪರ್ಕದ ವೈರು ನೋಡದೆ ಪೆಟ್ಟಿಗೆ ಬದಲಿಸಲು ಒಪ್ಪಬಾರದು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ; ಎರಡು ವರ್ಷಕ್ಕೊಮ್ಮೆಯಾದರೂ ಬದಲಿಸದಿದ್ದರೆ ಒಳಗಿನ ಸೂಕ್ಷ್ಮ ಕವಾಟಗಳು ತುಕ್ಕು ಹಿಡಿಯುತ್ತವೆ. ಪೆಟ್ಟಿಗೆ ಬಿಚ್ಚಿ ಹಾಕಿದ ಮೇಲೆ ಒಳಗೆ ಸಿಕ್ಕ ಗಾಳಿಯನ್ನು ಹೊರಡಿಸಲು ಬಹಳಷ್ಟು ಕಾರುಗಳಲ್ಲಿ ಸ್ಕ್ಯಾನರಿನಿಂದ ಪಂಪನ್ನು ಓಡಿಸಲೇಬೇಕು. ಬರಿದೇ ಪೆಡಲು ತುಳಿಸಿ ಗಾಳಿ ತೆಗೆಯುವ ಹಳೆಯ ರೀತಿ ಅಲ್ಲಿ ಸಾಲದು.

ಹಳೆಯ ಕಾರು ಕೊಳ್ಳುವವರು ನೋಡಬೇಕಾದ ಇನ್ನೊಂದಿದೆ. ದೀಪ ಉರಿಯುತ್ತಿರುವ ಕಾರು ಮಾರಾಟವಾಗುವುದು ಕಷ್ಟ. ದೋಷ ಸರಿಪಡಿಸುವುದು ದುಬಾರಿ. ದೀಪವನ್ನೇ ತೆಗೆದುಬಿಡುವುದು ಸುಲಭ. ಬಲ್ಬು ಕಿತ್ತವರುಂಟು, ಕಪ್ಪು ಟೇಪು ಅಂಟಿಸಿದವರುಂಟು. ಇನ್ನೂ ಜಾಣರು ಈ ದೀಪದ ವೈರನ್ನು ಪಕ್ಕದ ಎಣ್ಣೆ ದೀಪಕ್ಕೆ ಕಟ್ಟಿ, ಎರಡೂ ಒಟ್ಟಿಗೆ ಹೊತ್ತಿ ಒಟ್ಟಿಗೆ ಆರುವಂತೆ ಮಾಡುತ್ತಾರೆ. ಹಾಗಾಗಿ ಕಾರಿನ ಬಣ್ಣ, ಟಯರು ನೋಡುವ ಮುನ್ನ ಒಳಗೆ ಕುಳಿತು, ಎಂಜಿನ್ ಶುರು ಮಾಡದೆ ಕೀಲಿಯನ್ನು ಅರ್ಧ ತಿರುಗಿಸಿ ಫಲಕವನ್ನು ನೋಡಬೇಕು. ಹಳದಿ ದೀಪ ಹೊತ್ತಿಕೊಳ್ಳಬೇಕು, ಎರಡು ಮೂರು ಸೆಕೆಂಡಿಗೆ ತನ್ನಷ್ಟಕ್ಕೆ ಆರಬೇಕು. ಹೊತ್ತಿಕೊಳ್ಳದೇ ಹೋದರೆ, ಆರದೇ ಉರಿಯುವುದಕ್ಕಿಂತ ಅದು ಕೆಟ್ಟ ಲಕ್ಷಣ. ಎಂಜಿನ್ ಶುರುವಾಗುವ ತನಕ ಕಾದು ಎಣ್ಣೆ ದೀಪದ ಜೊತೆಗೇ ಆರಿದರೆ, ಆ ಕಾರನ್ನು ಅಲ್ಲಿಯೇ ಬಿಟ್ಟು ಬರಬಹುದು.